ಸತ್ಯಾಂಶ: ಹಾಲ್‌ಮಾರ್ಕ್ ಲೇಸರ್‌ನಿಂದ ಚಿನ್ನ ಕಡಿಮೆಯಾಗುತ್ತದೆಯೇ?

"ಹಾಲ್‌ಮಾರ್ಕ್ ಹಾಕುವಾಗ ಲೇಸರ್ ಚಿನ್ನವನ್ನು ಸುಡುತ್ತದೆ, ತೂಕ ಇಳಿಯುತ್ತದೆ, ಒಡವೆಯಲ್ಲಿ ವಿಕಿರಣ ಉಳಿಯುತ್ತದೆ" ಎನ್ನುವ ಮಾತು ಫಾರ್ವರ್ಡ್ ಆಗಿ ಬರುತ್ತಿರುತ್ತದೆ. ಕಷ್ಟಪಟ್ಟು ಕೂಡಿಸಿದ ಚಿನ್ನ, ಭಯ ಆಗುವುದು ಸಹಜ ಅಲ್ವಾ?

ನಿಮ್ಮ ಬಳೆಯ ಒಳಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ತ್ರಿಕೋನ ಗುರುತು, 22ಕೆ916 (22 ಕ್ಯಾರೆಟ್, ಅಂದರೆ ಶೇ 91.6 ಚಿನ್ನ) ಎಂಬ ಶುದ್ಧತೆ, ಪಕ್ಕದಲ್ಲಿ ಅಕ್ಷರ ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ, ಅಂದರೆ ಆ ಒಡವೆಯದ್ದೇ ಆದ ಗುರುತಿನ ಸಂಖ್ಯೆ. ಹಾಲ್‌ಮಾರ್ಕ್ ಕಡ್ಡಾಯವಿರುವ ಒಡವೆ ಮಾರಲು 2023ರ ಏಪ್ರಿಲ್ 1ರಿಂದ ಈ ಸಂಖ್ಯೆ ಬೇಕೇ ಬೇಕು.

ಈಗ ಲೆಕ್ಕ ಹಾಕೋಣ. ಈ ಗುರುತುಗಳಿಗಾಗಿ ಲೇಸರ್ ಕೊರೆದ ಗೆರೆಗಳೆಲ್ಲ ಸೇರಿ 1 ಚದರ ಮಿಲಿಮೀಟರ್ ಜಾಗ, ಆಳ ಮಿಲಿಮೀಟರ್‌ನ ನೂರನೇ ಒಂದು ಭಾಗ ಎಂದುಕೊಳ್ಳಿ. ಅಲ್ಲಿನ ಚಿನ್ನ ಪೂರ್ತಿ ಹಾರಿಹೋದರೂ ನಷ್ಟ 1 ಮಿಲಿಗ್ರಾಂನ ಐದನೇ ಒಂದು ಪಾಲು ದಾಟುವುದಿಲ್ಲ. ಅಂಗಡಿಯ ತಕ್ಕಡಿಗೆ ಅದು ಗೊತ್ತೇ ಆಗುವುದಿಲ್ಲ.

ಶುದ್ಧತೆಯ ಪರೀಕ್ಷೆಗೆ ಒಡವೆಯಿಂದ ಚೂರು ಕತ್ತರಿಸುವುದುಂಟು, ನಿಜ. ಆದರೆ ಅದು ಬೇರೆ ಕೆಲಸ, ಲೇಸರ್‌ದ್ದಲ್ಲ.

ವಿಕಿರಣದ ಮಾತು ಸುಮ್ನೆ ಹುಟ್ಟಿದ್ದು. ಲೇಸರ್ ಎಂದರೆ ಬೆಳಕು. ಲೋಹಕ್ಕೆ ಹೆಚ್ಚಾಗಿ ಬಳಸುವ ಫೈಬರ್ ಲೇಸರ್‌ನದ್ದು 1064 ನ್ಯಾನೋಮೀಟರ್ ಆಸುಪಾಸಿನ ಅವಕೆಂಪು ಬೆಳಕು. ಮೆಷಿನ್ ನಿಂತ ಕೂಡಲೇ ಅದೂ ಇಲ್ಲ. ಅದನ್ನು ನಡೆಸುವವರ ಕಣ್ಣಿಗೆ ಮಾತ್ರ ಅಪಾಯವಿದೆ, ಅವರಿಗೆ ರಕ್ಷಣಾ ಕನ್ನಡಕ ಬೇಕು.

ಅನುಮಾನ ಪಡಬೇಕಾದ್ದು ಆ ಎಚ್‌ಯುಐಡಿ ಸಂಖ್ಯೆ ಅಸಲಿಯೋ ನಕಲಿಯೋ ಎಂದು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಅಂಗಡಿಯಲ್ಲೇ ನೋಡಿಕೊಳ್ಳಿ.