ಧನವೋ ದನವೋ, ಜೂಮ್ ಮಾಡಿ ನೋಡಿ

ಮೊನ್ನೆ ರಾತ್ರಿ ಆರನೇ ಕ್ಲಾಸಿನ ಮಗಳು ಮೊಬೈಲಿನಲ್ಲಿ ಪಠ್ಯಪುಸ್ತಕ ತೆರೆದು ಹಿಡಿದು ಬಂದಳು. "ಅಪ್ಪಾ, ಬಡವರಿಗೆ ಸರ್ಕಾರ ದನಸಹಾಯ ಮಾಡುತ್ತಂತೆ. ಹಸು ಕೊಡ್ತಾರಾ, ಎಮ್ಮೆನಾ?"

ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಎರಡು ಬೆರಳಿಟ್ಟು ಹಿಗ್ಗಿಸಿದೆ. ಪುಟ ಹಿಗ್ಗಿತು, ಅಕ್ಷರ ಇನ್ನಷ್ಟು ಮಂಜಾಯಿತು. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಬೆತ್ತ ಹಿಡಿದು "ಹೊಟ್ಟೆ ಸೀಳೋ" ಅಂತ ಕಲಿಸಿದ್ದು ನೆನಪಿದೆಯಲ್ಲ? ಆ ಒಂದು ಸೀಳಿದ್ದರೆ ಧನ, ಇಲ್ಲದಿದ್ದರೆ ದನ. ಫಾಂಟ್ ಆರಿಸಿದ ಮಹಾಶಯರು ಅಂದಕ್ಕಿರಲಿ ಅಂತ ಅಕ್ಷರವನ್ನು ದಪ್ಪ ಮಾಡಿದ್ದಾರೆ, ಸೀಳು ಮುಚ್ಚಿಹೋಗಿದೆ. ಫಲವೂ ಪಲ, ಗಾಢವೂ ಗಾಡ. ಮಹಾಪ್ರಾಣವೇ ಬೇಡ ಅಂತ ವಾದಿಸುವವರು ಇಷ್ಟು ವರ್ಷ ಸುಮ್ಮನೆ ಗಂಟಲು ಹರಿದುಕೊಂಡರು. ಒಬ್ಬ ಡಿಸೈನರ್ ಮಧ್ಯಾಹ್ನದ ಕಾಫಿಯೊಳಗೆ ಮುಗಿಸಿದ್ದಾನೆ.

ನಮ್ಮಲ್ಲಿ ಡಿಜಿಟಲ್ ಪಠ್ಯ ಅಂದರೆ ಇಷ್ಟೇ: ಅಚ್ಚಿಗೆ ಹೋದ ಪುಟವನ್ನು ಹಾಗೇ ಪಿಡಿಎಫ್ ಮಾಡಿ ಮೇಲೇರಿಸುವುದು. ಅಂಗೈಯಗಲದ ಪರದೆಯಲ್ಲಿ ಇಡೀ ಪುಟ, ಅದರಲ್ಲೂ ಎರಡು ಕಾಲಂ. ಓದುವ ಮಗು ಎಡಕ್ಕೆ ಎಳೆದು, ಬಲಕ್ಕೆ ಎಳೆದು, ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲು ಶುರುವಾಗಿದ್ದು ಯಾವ ರಾಜನಿಂದ ಅನ್ನುವುದೇ ಮರೆತಿರುತ್ತದೆ. ಸಾಲಿನ ಮಧ್ಯದ ಜಾಗವೋ, ಇಂಗ್ಲಿಷಿನ ಅಳತೆಯದು. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ, ಪಾಪ, ಅದಕ್ಕೇನು ಗೊತ್ತು? ಮೇಲಿನ ಸಾಲಿನ 'ರಾಷ್ಟ್ರ' ತನ್ನ ಎರಡೂ ಒತ್ತುಗಳನ್ನು ಇಳಿಬಿಟ್ಟು, ಕೆಳಗಿನ ಸಾಲಿನ ಗುಡಿಸಿನ ನೆತ್ತಿಯ ಮೇಲೆ ಕೂತಿರುತ್ತದೆ. ಬೆಳಗಿನ ಒಂಬತ್ತರ ಸಿಟಿ ಬಸ್ಸು.

ಬಣ್ಣದ ವಿಷಯ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಬೆಳಕಿನ ವ್ಯತ್ಯಾಸ, ಕನಿಷ್ಠ 4.5ಕ್ಕೆ 1 ಇರಬೇಕು ಅನ್ನುತ್ತದೆ ಅಂತರರಾಷ್ಟ್ರೀಯ ಮಾರ್ಗಸೂಚಿ. ಅಪ್ಪಟ ಹಳದಿಯ ಮೇಲೆ ಬಿಳಿ ಬರೆದರೆ ಸಿಗುವುದು 1.07. ನಮ್ಮ ಪೋಸ್ಟರುಗಳಿಗೆ ಪ್ರಿಯವಾದದ್ದು ಅದೇ. ರಾಜ್ಯೋತ್ಸವದ ಶುಭಾಶಯ ನೋಡಿ: ಹಳದಿ ಮೇಲೆ ಬಿಳಿ, ಅದಕ್ಕೊಂದು ನೆರಳು, ನೆರಳಿಗೊಂದು ಹೊಳಪು, ಒಳಗೆ 'ಕನ್‌ನಡ' ಅಂತ ಮುರಿದುಬಿದ್ದ ಪದ. ಒತ್ತು ಕೂರಿಸಲು ಫೋಟೋಶಾಪ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಸಾಕು. ಆದರೆ ಅದನ್ನು ಹುಡುಕುವ ಹೊತ್ತಿನಲ್ಲಿ ಇನ್ನೆರಡು ಹೊಳಪು ಹಾಕಬಹುದಲ್ಲ!

ನಿಜವಾದ ಮಜಾ ಬೇರೆ ಕಡೆ ಇದೆ. ಎಲ್ಲ ಕಂಪ್ಯೂಟರಿನಲ್ಲೂ ಪ್ರತಿ ಅಕ್ಷರಕ್ಕೆ ಒಂದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಮೂವತ್ತು ವರ್ಷ ದಾಟಿತು. ಪುಟ ಜೋಡಿಸುವ ನಮ್ಮ ಡಿಟಿಪಿ ಮಾತ್ರ ಇನ್ನೂ ಪೇಜ್‌ಮೇಕರ್ 7.0 ಅನ್ನುವ ಹಳೇ ಸಾಫ್ಟ್‌ವೇರು, ಬೇರೆ ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿಸುವ ಹಳೇ ಆಸ್ಕಿ ಫಾಂಟು. ಕಣ್ಣಿಗೆ 'ಕನ್ನಡ' ಅಂತಲೇ ಕಾಣುತ್ತದೆ. ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಒಳಗಿನ ಗುಟ್ಟು ಹೊರಬೀಳುತ್ತದೆ: 'ನ' ಇರಬೇಕಾದ ಕಡೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಅದರ ಒತ್ತಿನ ಜಾಗದಲ್ಲಿ ಜರ್ಮನರ ಜೋಡಿ ಎಸ್ (ß). ಇಷ್ಟು ಕಡಿಮೆ ಖರ್ಚಿನಲ್ಲಿ ಕನ್ನಡವನ್ನು ಯುರೋಪಿಗೆ ತಲುಪಿಸಿದವರು ಇನ್ಯಾರಿದ್ದಾರೆ?

ಕಣ್ಣು ಕಾಣದ ಗೆಳೆಯರೊಬ್ಬರಿದ್ದಾರೆ, ಹೈಸ್ಕೂಲ್ ಮೇಷ್ಟ್ರು. ಪಾಠವನ್ನು ಸ್ಕ್ರೀನ್ ರೀಡರ್ ಓದಿ ಹೇಳಬೇಕು. ಅದು ಬೆಳಗ್ಗೆಯಿಂದ "ಪಿ, ಎ, ಪೌಂಡ್, ಎ" ಅಂತ ಮಂತ್ರ ಹೇಳುತ್ತಿತ್ತು. "ಸಂಸ್ಕೃತ ಅರ್ಥವಾಗದಿದ್ರೂ ಕೇಳ್ತೀವಲ್ಲ ಸ್ವಾಮಿ, ಹಾಗೇ ಇದೂ. ಪುಣ್ಯ ಬರುತ್ತೆ" ಅಂದರು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಎಲ್ಲರಿಗೂ ಪಠ್ಯ ದಕ್ಕಬೇಕು ಅನ್ನುವ ಸುತ್ತೋಲೆಯೊಂದೂ ಅವರಿಗೆ ಬಂದಿದೆಯಂತೆ. ಸಹಿ, ಸೀಲು ಸಮೇತ ಓರೆಯಾಗಿ ಸ್ಕ್ಯಾನ್ ಮಾಡಿದ್ದು. ರೀಡರ್ ಅದನ್ನು ಒಂದೇ ಪದದಲ್ಲಿ ಓದಿ ಮುಗಿಸಿತು: "ಚಿತ್ರ."

ಮಗಳ ಕಥೆಗೆ ಬರುತ್ತೇನೆ. ಅದು ಧನಸಹಾಯ ಕಣೇ, ದುಡ್ಡು ಅಂತ ಹೇಳಿದೆ. ಪುಸ್ತಕದಲ್ಲಿ ಹಾಗಿಲ್ಲ ಅಂತ ವಾದಿಸಿ, ಕಿರುಪರೀಕ್ಷೆಯಲ್ಲಿ "ಸರ್ಕಾರವು ಬಡವರಿಗೆ ಹಸು, ಎಮ್ಮೆ ಮುಂತಾದವುಗಳನ್ನು ನೀಡುತ್ತದೆ" ಅಂತ ಬರೆದು ಬಂದಳು. ಎರಡಕ್ಕೆ ಎರಡು ಬಂದಿದೆ. ಮಿಸ್ಸೂ ಮೊಬೈಲಿನಲ್ಲೇ ಓದಿದ್ದರಂತೆ.