ನೋಡದೇ ಹೇಳುವ ‘ಹೊಸದು ತಗೊಳ್ಳಿ ಸಾರ್’

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಕಂಪ್ಯೂಟರ್ ಕೊಳ್ಳುವವರ ಮೇಲೆ ನನಗೆ ಯಾವ ಕೋಪವೂ ಇಲ್ಲ. ದುಡ್ಡು ನಿಮ್ಮದು, ಮೇಜು ನಿಮ್ಮದು. ನನ್ನ ಕೋಪ ಏನಿದ್ದರೂ ಕೆಡದೇ ಇರುವ ವಸ್ತುವನ್ನು ಕೆಟ್ಟಿದೆ ಅನ್ನುವವರ ಮೇಲೆ. ಅದೂ ನೋಡದೇ ಹೇಳುವವರ ಮೇಲೆ. ನನ್ನ ಮಿಕ್ಸಿ ರಿಪೇರಿ ಪೋಸ್ಟ್ ಓದಿದವರಿಗೆ ಇದು ಹಳೇ ರಾಗ ಅನ್ನಿಸಬಹುದು. ಹೌದು, ಅದೇ ರಾಗ. ಈ ಸಲ ಸ್ವಲ್ಪ ಜೋರಾಗಿ.

ಮೊನ್ನೆ ತಿಪಟೂರಿಗೆ ಹೋಗಿದ್ದೆ, ಸೋದರಮಾವನ ಮನೆಗೆ. ಮಾವ ನಿಮಗೆಲ್ಲ ಗೊತ್ತು. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಈಗ ಊರಿನ ಸಂಘದ ವರದಿ, ಗೃಹಪ್ರವೇಶದ ಆಹ್ವಾನ ಪತ್ರಿಕೆ, ಯಾರದೋ ಖಾತೆ ಬದಲಾವಣೆ ಅರ್ಜಿ, ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಡುತ್ತಾರೆ. ಒಂದು ರೂಪಾಯಿ ತಗೊಳ್ಳಲ್ಲ. ಅತ್ತೆಗೆ ಅದೇ ಸಂಕಟ, ಅದು ಬೇರೆ ವಿಷಯ. ಕಂಪ್ಯೂಟರ್ ಮೂರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್‌ನದು. ಅದರೊಳಗೆ ಒಂದು ಎನ್‌ವಿಡಿಯಾ ಜಿಟಿ 730 ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಗೆ ಚಿತ್ರ ಕಳಿಸುವ ಬೋರ್ಡು. ಮಗ ಕಾಲೇಜಿನಲ್ಲಿದ್ದಾಗ ಓದೋದಕ್ಕೆ ಬೇಕು ಅಂತ ಹೇಳಿ ಗೇಮ್ ಆಡೋದಕ್ಕೆ ಹಾಕಿಸಿಕೊಂಡಿದ್ದ. ಮಗ ಈಗ ಪುಣೆಯಲ್ಲಿದ್ದಾನೆ. ಕಾರ್ಡ್ ತಿಪಟೂರಿನಲ್ಲೇ ಉಳಿದಿದೆ.

ಹಾರ್ಡ್ ಡಿಸ್ಕ್ ನಿಧಾನ ಆಯಿತು ಅಂತ ಮಾವ ಅಂಗಡಿಗೆ ಒಯ್ದಿದ್ದಾರೆ. ಅವರು ಅದರ ಬದಲು ವೇಗದ ಎಸ್‌ಎಸ್‌ಡಿ ಹಾಕಿ, ವಿಂಡೋಸ್ 10 ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಟ್ಟಿದ್ದಾರೆ. ಒಳ್ಳೇ ಕೆಲಸ, ಭೇಷ್. ಎಡವಟ್ಟು ಆಗಿದ್ದು ಆಮೇಲೆ. ಅಗಲದ ಮಾನಿಟರ್‌ನಲ್ಲಿ ಚಿತ್ರ 1024 x 768 ರೆಸಲ್ಯೂಷನ್‌ಗೆ ನಿಂತುಬಿಟ್ಟಿದೆ. ಅಕ್ಷರಗಳು ಅಡ್ಡಡ್ಡ ಹಿಗ್ಗಿವೆ. ‘ಥ’ದ ಹೊಟ್ಟೆಯೊಳಗಿನ ಚುಕ್ಕಿ ಮಸುಕಾಗಿ ‘ಧ’ ಥರ ಕಾಣುತ್ತಿದೆ. ಪುಟ ಮೇಲಕ್ಕೆ ಎಳೆದರೆ ಪಟ್ಟಿ ಪಟ್ಟಿಯಾಗಿ ಏರುತ್ತದೆ. ಯೂಟ್ಯೂಬ್‌ನಲ್ಲಿ ಹಾಡಿನ ಧ್ವನಿ ಮುಂದೆ, ಬಾಯಿ ಹಿಂದೆ.

ಮಾವ ಸಿಪಿಯು ಡಬ್ಬವನ್ನು ಮತ್ತೆ ಆಟೋದಲ್ಲಿ ಹಾಕಿಕೊಂಡು ಹೋಗಿದ್ದಾರೆ. ಅಂಗಡಿಯ ಹುಡುಗ ಪೆನ್ ಡ್ರೈವ್‌ನಿಂದ ಲೇಟೆಸ್ಟ್ ಡ್ರೈವರ್, ಅಂದರೆ ಕಾರ್ಡನ್ನು ನಡೆಸೋದು ಹೇಗೆ ಅಂತ ವಿಂಡೋಸ್‌ಗೆ ಹೇಳಿಕೊಡುವ ತಂತ್ರಾಂಶ, ಓಡಿಸಿದ್ದಾನೆ. ‘ಈ ಡ್ರೈವರ್‌ಗೆ ಹೊಂದುವ ಗ್ರಾಫಿಕ್ಸ್ ಹಾರ್ಡ್‌ವೇರ್ ಸಿಗಲಿಲ್ಲ’ ಅಂತ ಇಂಗ್ಲಿಷ್‌ನಲ್ಲಿ ಬಂದಿದೆ. ತೀರ್ಪು ಅಲ್ಲೇ ಆಗಿಹೋಯಿತು. “ಕಾರ್ಡ್ ಹೋಗಿದೆ ಸಾರ್. ಸಿಸ್ಟಮ್ಮೂ ಹಳೇದು. 35 ಸಾವಿರಕ್ಕೆ ಹೊಸದು ಕೂರಿಸಿಕೊಡ್ತೀವಿ. ಹಳೇದಕ್ಕೆ ಎರಡು ಸಾವಿರ ಕಡಿಮೆ ಮಾಡ್ಕೊಳ್ಳೋಣ.”

ಎಂಥ ಧಾರಾಳ!

ಈಗ ನೀವೇ ಹೇಳಿ. ಮಾನಿಟರ್‌ನ ಕೇಬಲ್ ಚುಚ್ಚಿದ್ದು ಅದೇ ಕಾರ್ಡಿಗೆ. ಪರದೆ ಮೇಲೆ ಬರುತ್ತಿದ್ದ ಚಿತ್ರ ಅದೇ ಕಾರ್ಡಿನಿಂದ. ‘ಹಾರ್ಡ್‌ವೇರ್ ಸಿಗಲಿಲ್ಲ’ ಅನ್ನೋ ಸಂದೇಶವನ್ನು ತೋರಿಸಿದ್ದೂ ಅದೇ ಕಾರ್ಡ್. ಕಾರ್ಡ್ ಸತ್ತಿದ್ದರೆ ಆ ಹುಡುಗ ಅದನ್ನು ಓದಿದ್ದು ಹೇಗೆ? ಡಿವೈಸ್ ಮ್ಯಾನೇಜರ್ ಅಂತ ಒಂದಿದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಅದನ್ನು ತೆರೆಯೋದಕ್ಕೆ ಎಷ್ಟು ಹೊತ್ತು ಬೇಕು? ತಿಪಟೂರಿನಲ್ಲಿ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಲೊಡಲೊಡ ಅನ್ನುತ್ತಾ ಅಂತ ಕೇಳದೆ ಬೆಲೆ ಹೇಳುವವನನ್ನು ಯಾರೂ ವ್ಯಾಪಾರಕ್ಕೆ ಕೂರಿಸಲ್ಲ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಅಂಥವನ ಮಾತೇ ಕೊನೆ ಮಾತು.

ನಾನು ತೆರೆದು ನೋಡಿದೆ. ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಇತ್ತು. ಅಂದರೆ ಸರಿಯಾದ ಡ್ರೈವರ್ ಇಲ್ಲ, ವಿಂಡೋಸ್ ತನ್ನ ಕೈಲಾದ ಮಟ್ಟಿಗೆ ಚಿತ್ರ ತೋರಿಸುತ್ತಿದೆ ಅಂತ. ಅದರ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿದರೆ ಒಂದು ಉದ್ದನೆ ಸಾಲು ಬರುತ್ತದೆ. ಅದರಲ್ಲಿ ಎರಡು ತುಂಡು ನೋಡಿದರೆ ಸಾಕು. ವೆಂಡರ್, ಅಂದರೆ ಚಿಪ್ ಮಾಡಿದ ಕಂಪನಿಯ ನಂಬರು, 10ಡಿಇ ಆದರೆ ಎನ್‌ವಿಡಿಯಾ ಚಿಪ್. 1002 ಅಂದರೆ ಎಎಂಡಿ. 8086 ಅಂದರೆ ಇಂಟೆಲ್. ಅದರ ಪಕ್ಕದ ಡಿವೈಸ್ ನಂಬರು ಚಿಪ್ಪಿನ ನಿಜವಾದ ಗುರುತು. ಮಾವನ ಕಾರ್ಡಿನದು 0ಎಫ್02.

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಯಾಕೆ ಅಂತ ಹೇಳುತ್ತೇನೆ, ಇದು ತಮಾಷೆಯಾಗಿದೆ.

ಜಿಟಿ 730 ಅನ್ನೋ ಒಂದೇ ಹೆಸರಿನಲ್ಲಿ 2014ರಲ್ಲಿ ಬಂದ ಕಾರ್ಡುಗಳ ಒಳಗೆ ಎರಡು ಬೇರೆ ಬೇರೆ ಕಾಲದ ಚಿಪ್ಪುಗಳಿದ್ದವು. ಒಂದು ಕೆಪ್ಲರ್ ಅನ್ನೋ ತಲೆಮಾರಿನದು, 384 ಕೋರ್, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳದ್ದು. ಇನ್ನೊಂದು ಅದಕ್ಕೂ ಹಿಂದಿನ ಫರ್ಮಿ, ಬರೀ 96 ಕೋರ್. ಕಾರ್ಡ್ ಬಂದ ಹೊರಗಿನ ಡಬ್ಬದ ಮೇಲೆ ಎರಡಕ್ಕೂ ಒಂದೇ ದಪ್ಪ ಅಕ್ಷರ. ಪುಟ್ಟ ಅಕ್ಷರದಲ್ಲಿ ಕಾರ್ಡಿನ ಮೆಮೊರಿ ಯಾವುದು, ಅದರ ದಾರಿ ಎಷ್ಟು ಅಗಲ ಅಂತ ಇರುತ್ತದೆ: ಒಂದರ ಮೇಲೆ 64 ಬಿಟ್, ಇನ್ನೊಂದರ ಮೇಲೆ ಡಿಡಿಆರ್3, 128 ಬಿಟ್. 128 ದೊಡ್ಡದು ಅಲ್ವಾ, ಅದೇ ಒಳ್ಳೇದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆ 128 ಬಿಟ್‌ನದೇ ಹಳೇ ಫರ್ಮಿ. ಮಾವನ ಕಾರ್ಡಿನ 0ಎಫ್02 ಅಂದರೂ ಅದೇ.

ಇಲ್ಲೇ ಡ್ರೈವರ್ ಕಥೆ ಕವಲೊಡೆಯುತ್ತದೆ. ಫರ್ಮಿ ಚಿಪ್ಪುಗಳಿಗೆ ಹೊಸ ಡ್ರೈವರ್ ಕೊಡುವುದು 2018ರಲ್ಲೇ ನಿಂತಿತು. ಅವಕ್ಕೆ ಬೇಕಾದ್ದು 2018ರ ಮಾರ್ಚ್‌ನಲ್ಲಿ ಬಂದ 391.35 ನಂಬರಿನ ಡ್ರೈವರ್. ಕೆಪ್ಲರ್‌ಗೆ 470ರ ಸಾಲಿನವರೆಗೂ ನಡೆಯುತ್ತದೆ. 32 ಬಿಟ್ ವಿಂಡೋಸ್ ಇದ್ದವರಿಗೂ 390ರ ಸಾಲೇ ಕೊನೆ, ಕಾರ್ಡ್ ಯಾವುದೇ ಆಗಿರಲಿ. ಹಾಗಾಗಿ ಡಬ್ಬದ ಮೇಲಿನ ಹೆಸರು ನೋಡಿ ಹೊಸ ಡ್ರೈವರ್ ಹಾಕಿದರೆ, ಫರ್ಮಿ ಕಾರ್ಡಿನ ಎದುರು ಅದು ‘ಇದು ನನ್ನದಲ್ಲ’ ಅನ್ನುತ್ತದೆ. ಅಂಗಡಿಯಲ್ಲಿ ಆಗಿದ್ದೂ ಅಷ್ಟೇ. ಸಾಫ್ಟ್‌ವೇರ್ ‘ನನಗೆ ಹೊಂದುವುದಿಲ್ಲ’ ಅಂತು, ಹುಡುಗ ಅದನ್ನು ‘ಸತ್ತಿದೆ’ ಅಂತ ಓದಿಕೊಂಡ. ಎರಡರ ನಡುವಿನ ಅಂತರ ಮೂವತ್ತೈದು ಸಾವಿರ ರೂಪಾಯಿ.

ಹಳೇ ಡ್ರೈವರ್ ಎಲ್ಲೂ ಮಾಯವಾಗಿಲ್ಲ. ಚಿಪ್ ಮಾಡಿದ ಕಂಪನಿಯ ಸೈಟಿನಲ್ಲೇ ಇದೆ, ಪುಕ್ಕಟೆ. ನಂಬರ್ ಹಾಕಿ ಹುಡುಕಬೇಕು, ಅಷ್ಟೇ.

ಆದರೆ ಹಾಕುವ ಮೊದಲು ಗುಡಿಸುವ ಕೆಲಸ ಇತ್ತು. ಅಂಗಡಿಯಲ್ಲಿ ‘ಆಟೋಮ್ಯಾಟಿಕ್ ಆಗಿ ಎಲ್ಲ ಡ್ರೈವರ್ ಹುಡುಕುತ್ತದೆ’ ಅನ್ನೋ ಯಾವುದೋ ತಂತ್ರಾಂಶವನ್ನು ಬೇರೆ ತುಂಬಿ ಕಳಿಸಿದ್ದರು. ಅದು ಕೆಂಪು ಬಣ್ಣದಲ್ಲಿ ಕೂಗಾಡುತ್ತಿತ್ತು. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ದುಡ್ಡು ಕಟ್ಟಿ. ಜೊತೆಗೆ ಯಾರೂ ಕೇಳದ ಬ್ರೌಸರ್ ಒಂದು, ಆಂಟಿವೈರಸ್ ಒಂದು. ಮಾವ ಅದನ್ನೆಲ್ಲ ಸರ್ಕಾರದ್ದೇನೋ ಅಂದುಕೊಂಡು ಮುಟ್ಟೋದಕ್ಕೇ ಹೆದರಿದ್ದರು. ಇಂಥವನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗೂಗಲ್‌ನಲ್ಲಿ ಡ್ರೈವರ್ ಅಂತ ಹುಡುಕಿ ನೋಡಿ. ಹಸಿರು ಬಣ್ಣದ ದೊಡ್ಡ ಡೌನ್‌ಲೋಡ್ ಬಟನ್ ಇರುವ ಸೈಟುಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿ ಡ್ರೈವರ್ ಒಂದು ಬಿಟ್ಟು ಬೇರೆಲ್ಲ ಸಿಗುತ್ತದೆ.

ಅದನ್ನೆಲ್ಲ ಕಿತ್ತು ಹಾಕಿದೆ. ಆಮೇಲೆ ನೆಟ್ ಕೇಬಲ್ ಎಳೆದೆ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ನೀವು ಇತ್ತ ಹಳೇದನ್ನು ತೆಗೆಯುತ್ತಿದ್ದರೆ ವಿಂಡೋಸ್ ಅಪ್‌ಡೇಟ್ ಅತ್ತ ಸದ್ದಿಲ್ಲದೆ ತನ್ನದೊಂದನ್ನು ತಂದು ಕೂರಿಸುತ್ತದೆ, ಎರಡೂ ಕಚ್ಚಾಡುತ್ತವೆ. ವಿಂಡೋಸ್ ತೀರಾ ಬೇಕಾದ್ದನ್ನಷ್ಟೇ ಇಟ್ಟುಕೊಂಡು ಶುರುವಾಗುವ ಸೇಫ್ ಮೋಡ್‌ಗೆ ಹೋಗಿ ಡಿಡಿಯು, ಅಂದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿದೆ. ಅರೆಬರೆ ಕೂತಿದ್ದ ಹಳೇ ಡ್ರೈವರ್‌ನ ತುಣುಕುಗಳನ್ನೆಲ್ಲ ಅದು ಬಾಚಿ ತೆಗೆಯುತ್ತದೆ. ರೀಸ್ಟಾರ್ಟ್ ಮಾಡಿ 391.35 ಓಡಿಸಿದೆ. ಎಕ್ಸ್‌ಪ್ರೆಸ್ ಅಲ್ಲ, ಬೇಕಾದ್ದನ್ನಷ್ಟೇ ಆರಿಸುವ ಕಸ್ಟಮ್. ಜೀಫೋರ್ಸ್ ಎಕ್ಸ್‌ಪೀರಿಯೆನ್ಸ್, ತ್ರೀಡಿ ವಿಷನ್ ಇವೆಲ್ಲದರ ಟಿಕ್ ತೆಗೆದೆ. ಸಂಘದ ವರದಿ ಟೈಪ್ ಮಾಡೋದಕ್ಕೆ ತ್ರೀಡಿ ಯಾಕೆ? ‘ಕ್ಲೀನ್ ಇನ್‌ಸ್ಟಾಲೇಷನ್’ಗೆ ಟಿಕ್ ಹಾಕಿದೆ.

ನಡುವೆ ಪರದೆ ಪೂರ್ತಿ ಕಪ್ಪಾಯಿತು. ಮಾವ “ಹೋಯ್ತೇನೋ?” ಅಂದರು. “ಇರಿ ಮಾವ, ಅದು ಹಾಗೇನೇ” ಅಂದೆ. ಟಿಕ್ ಅಂತ ಚಿತ್ರ ವಾಪಸ್ ಬಂತು, ಈ ಸಲ ಮಾನಿಟರ್‌ನ ಅಂಚಿನಿಂದ ಅಂಚಿಗೆ. ಅವರು ಮೊದಲು ಮಾಡಿದ್ದು ನುಡಿ ತೆರೆದು ‘ಕಥೆ’ ಅಂತ ಟೈಪ್ ಮಾಡಿದ್ದು. ಕನ್ನಡಕ ಹಣೆಗೇರಿಸಿ, ಮುಖ ಹತ್ತಿರ ತಂದು, ಚುಕ್ಕಿ ಇದೆಯಾ ಅಂತ ನೋಡಿದರು. ಇತ್ತು. ಅತ್ತೆ ಅಡುಗೆಮನೆಯಿಂದಲೇ “ಸರಿಹೋಯ್ತಾ? ಹಂಗಾದ್ರೆ ಇನ್ನು ಊರಿನ ಅರ್ಜಿಗಳೆಲ್ಲ ಶುರು” ಅಂದರು.

ಈಗ ನನ್ನ ಫ್ರೆಂಡ್ ಲಿಸ್ಟ್‌ನಲ್ಲಿರುವ ಐಟಿ ಮಹಾಶಯರು ಕಾಮೆಂಟಿಗೆ ಕೈ ಹಾಕುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೌದು, 2018ರ ಡ್ರೈವರ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬರಲ್ಲ. ಹೌದು, ವಿಂಡೋಸ್ 10ಕ್ಕೂ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೌದು, ಆ ಐ3 ವಿಂಡೋಸ್ 11ರ ಅರ್ಹತೆ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಿ, ಅದರಲ್ಲಿ ಈ ಕಾರ್ಡಿಗೆ ನೂವೋ ಅನ್ನೋ ಡ್ರೈವರ್ ಜೊತೆಗೇ ಬರುತ್ತದೆ ಅಂತ ಹೇಳೋರೂ ಇದ್ದೀರಿ. ಎಲ್ಲ ಸರಿ. ಮಾವ ಬ್ಯಾಂಕ್ ವ್ಯವಹಾರ ಆ ಕಂಪ್ಯೂಟರ್‌ನಲ್ಲಿ ಮಾಡಲ್ಲ, ಈಗ ನೆಟ್ ಕೇಬಲ್ಲೂ ಬೇಕಾದಾಗ ಮಾತ್ರ ಚುಚ್ಚುತ್ತಾರೆ. ಅವರಿಗೆ ಬೇಕಾದ್ದು ನುಡಿ, ಹಳೇ ಫೈಲುಗಳು ಮತ್ತು ಪ್ರಿಂಟರ್. ಎಪ್ಪತ್ತರ ಹತ್ತಿರ ಬಂದವರಿಗೆ ಲಿನಕ್ಸ್ ದೀಕ್ಷೆ ಕೊಡುವ ಉತ್ಸಾಹ ನಿಮಗಿದ್ದರೆ ತಿಪಟೂರಿಗೆ ಬಸ್ಸಿದೆ, ಹೋಗಿ ಬನ್ನಿ. ಅತ್ತೆ ಕಾಫಿ ಚೆನ್ನಾಗಿ ಮಾಡುತ್ತಾರೆ. ಮುಖ್ಯ ಮಾತು ಅದಲ್ಲ. ಆ ಅಂಗಡಿಯವನು ಸೆಕ್ಯುರಿಟಿ ಕಾರಣ ಹೇಳಿ ಹೊಸದು ತಗೊಳ್ಳಿ ಅಂದಿದ್ದರೆ ನಾನು ಈ ಪೋಸ್ಟೇ ಬರೆಯುತ್ತಿರಲಿಲ್ಲ. ಅವನು ಹೇಳಿದ್ದು ಕಾರ್ಡ್ ಹೋಗಿದೆ ಅಂತ. ಅದು ಸುಳ್ಳು.

ಕಾರ್ಡ್ ನಿಜವಾಗಲೂ ಹೋಗುವುದೂ ಉಂಟು. ವಿಂಡೋಸ್ ಶುರುವಾಗುವ ಮೊದಲೇ, ಬಯಾಸ್ ಪರದೆಯಲ್ಲೇ ಬಣ್ಣಬಣ್ಣದ ಚೌಕ, ಗೆರೆ ಬಂದರೆ ಅನುಮಾನ ಪಡಿ. ಫ್ಯಾನ್ ತಿರುಗದಿದ್ದರೆ, ಕೆಪಾಸಿಟರ್ ತಲೆ ಉಬ್ಬಿದ್ದರೆ ಆಗಲೂ ಪಡಿ. ಇವೆಲ್ಲ ಕಣ್ಣಿಗೆ ಕಾಣುವಂಥವು. ಆದರೆ ಸಿಪಿಯು ಡಬ್ಬದ ಪಕ್ಕದ ತಗಡು ಬಿಚ್ಚಿ ಇಣುಕಬೇಕಲ್ಲ. ಅದೇ ತಾನೇ ಯಾರಿಗೂ ಬೇಡವಾಗಿರೋದು!

ಇಷ್ಟೊಂದು ಸಿಟ್ಟು ಯಾಕಪ್ಪಾ, ಒಂದು ಗ್ರಾಫಿಕ್ಸ್ ಕಾರ್ಡಿಗೆ ಅಂತ ಕೇಳುತ್ತೀರಿ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಹೇಳಿಬಿಡುತ್ತೇನೆ. ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದಿದ್ದು ಅಮ್ಮ ಎತ್ತಿದ ಚೀಟಿ ದುಡ್ಡಿನಲ್ಲಿ. ವಾರಂಟಿ ಮುಗಿದ ಮೇಲೆ ಒಂದು ದಿನ ಅದು ಆನ್ ಆಗಲಿಲ್ಲ. ಮೂರು ಸಲ ಬೀಪ್ ಅಂದು ಸುಮ್ಮನಾಗುತ್ತಿತ್ತು. ತೋರಿಸಿದ ಕಡೆ ಮದರ್‌ಬೋರ್ಡ್ ಹೋಗಿದೆ ಅಂದರು. ಹೊಸ ಬೋರ್ಡಿಗೆ ದುಡ್ಡು ಎಲ್ಲಿಂದ ತರೋದು? ಅಮ್ಮ ಅದರ ಮೇಲೆ ಹಳೇ ರೇಷ್ಮೆ ಸೀರೆಯ ತುಂಡು ಹೊದಿಸಿ ಇಟ್ಟರು. ಬಂದವರೆಲ್ಲ ಕಂಪ್ಯೂಟರ್ ಇದೆಯಾ ಅಂತ ಕೇಳಿದಾಗ ಅಪ್ಪ ಹೂಂ ಅನ್ನುತ್ತಿದ್ದರು, ಮುಂದೆ ಮಾತಾಡುತ್ತಿರಲಿಲ್ಲ. ಬಹಳ ತಿಂಗಳಾದ ಮೇಲೆ ಪಕ್ಕದ ಬೀದಿಯ ಪಾಲಿಟೆಕ್ನಿಕ್ ಹುಡುಗನೊಬ್ಬ ಬಂದು ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ನನ್ನ ಜಾಮಿಟ್ರಿ ಬಾಕ್ಸಿನ ರಬ್ಬರ್‌ನಿಂದ ಉಜ್ಜಿ, ವಾಪಸ್ ಕೂರಿಸಿದ. ಆನ್ ಆಯಿತು. ಅಮ್ಮನಿಗೆ ಖುಷಿಗಿಂತ ಜಾಸ್ತಿ ಕೋಪ ಬಂತು. ಆ ಕೋಪ ನನಗೂ ಅಂಟಿಕೊಂಡಿರಬೇಕು.

ಅದಿರಲಿ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದು, ಕಾರ್ಡ್ ಹೋಗಿದೆ ಅಂತ ಯಾರೋ ಹೇಳಿ ಮೂಲೆಗೆ ಸೇರಿದ್ದರೆ, ಹಾರ್ಡ್‌ವೇರ್ ಐಡಿ ಸಾಲಿನ ಫೋಟೋ ತೆಗೆದು ಕಾಮೆಂಟಿನಲ್ಲಿ ಹಾಕಿ. ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ಅದನ್ನೂ ಬರೆಯಿರಿ. ಯಾವ ನಂಬರಿನ ಡ್ರೈವರ್ ಬೇಕು ಅಂತ ಹೇಳುತ್ತೇನೆ. ಕಾರ್ಡಿನ ಡಬ್ಬದ ಫೋಟೋ ಹಾಕಬೇಡಿ, ಅದರ ಮೇಲಿನ ಹೆಸರಿನಿಂದ ಏನೂ ಗೊತ್ತಾಗಲ್ಲ. ಫೋನ್ ಮಾತ್ರ ಮಾಡಬೇಡಿ, ಹೆಂಡತಿ ಆಗಲೇ ಈ ವಿಷಯದಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದಾಳೆ.