ನಿಮ್ಮ ಒಟಿಪಿಗೇನು ಕೊಂಬಿದೆಯಾ?

ಮೀಟಿಂಗ್ ಮುಗಿಸಿ ತಲೆಬಿಸಿಯಲ್ಲೇ ಬರೆಯುತ್ತಿದ್ದೇನೆ, ಮಾತು ಜಾಸ್ತಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಕಂಪನಿಯಲ್ಲಿ ಇನ್ನೊಂದು ಟೀಮ್ ಹೊಸದಾಗಿ ಒಟಿಪಿ ಕಳಿಸುವ ಸರ್ವಿಸ್ ಬರೆಯುತ್ತಿದೆಯಂತೆ. ಲೋನ್‌ನವರ ಹತ್ತಿರ ಒಂದಿದೆ, ಇನ್ಶೂರೆನ್ಸ್‌ನವರ ಹತ್ತಿರ ಒಂದಿದೆ, ಮೊಬೈಲ್ ಆ್ಯಪ್‌ನವರದ್ದು ಬೇರೆ. ಇರೋದನ್ನೇ ಬಳಸಬಹುದಲ್ವಾ ಅಂತ ಕೇಳಿದೆ. "ನಮ್ಮ ರಿಕ್ವೈರ್‌ಮೆಂಟ್ ಸ್ವಲ್ಪ ಡಿಫರೆಂಟ್ ಸರ್." ಏನಪ್ಪಾ ಡಿಫರೆಂಟು? ಆರು ಅಂಕಿ, ಒಂದು ಮೊಬೈಲ್ ನಂಬರ್!

ಕೋಡ್ ಬಿಡಿ, ಅದನ್ನು ಯಾರಾದರೂ ಬರೆಯುತ್ತಾರೆ. ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2018ರ ನಿಯಮದಂತೆ ಕಂಪನಿ ಕಳಿಸುವ ಎಸ್‌ಎಂಎಸ್‌ಗೆ ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ (ಮೆಸೇಜಿನ ಒಕ್ಕಣೆ) ಎರಡನ್ನೂ ಡಿಎಲ್‌ಟಿ ಅನ್ನೋ ಟೆಲಿಕಾಂ ಆಪರೇಟರ್‌ಗಳ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಆಮೇಲೆ ಮೆಸೇಜಿನಲ್ಲಿ ಒಂದು ಪದ ಆಚೀಚೆ ಆದರೂ ಆಪರೇಟರ್ ಹತ್ತಿರವೇ ನಿಂತುಬಿಡುತ್ತದೆ. ಒಂದು ಟೀಮಿನವರು "ಡಿಯರ್ ಕಸ್ಟಮರ್" ಇದ್ದದ್ದನ್ನು ಚೆಂದ ಕಾಣಲಿ ಅಂತ "ಹಲೋ" ಮಾಡಿದರು. ಒಟಿಪಿ ಯಾರಿಗೂ ಹೋಗಲಿಲ್ಲ. ಕೆಲವು ತಿಂಗಳಿಗೆ ಇನ್ನೊಂದು ಟೀಮು ಇದೇ ಹಳ್ಳಕ್ಕೆ ಬಿತ್ತು. ಈಗ ಹೊಸಬರ ಸರದಿ.

ಸರ್ಕಾರವನ್ನು ಬೈಯೋದು ನಮಗೆಲ್ಲ ಚಟ. ಆದರೆ ರೈತರ ನೋಂದಣಿಗೆ ನಮ್ಮ ರಾಜ್ಯ ಮಾಡಿರುವ ಫ್ರೂಟ್ಸ್ ತಂತ್ರಾಂಶ ನೋಡಿ. ರೈತನಿಗೆ ಒಂದು ಗುರುತಿನ ನಂಬರ್ (ಎಫ್‌ಐಡಿ), ಅದಕ್ಕೆ ಜಮೀನು ದಾಖಲೆಗಳ "ಭೂಮಿ" ತಂತ್ರಾಂಶದಲ್ಲಿರುವ ಪಹಣಿ ಜೋಡಣೆ. ಕೃಷಿ, ತೋಟಗಾರಿಕೆ, ರೇಷ್ಮೆ, ಎಲ್ಲ ಇಲಾಖೆಗೂ ಅದೇ ನಂಬರ್. ನಮ್ಮಪ್ಪ ಬೆಂಬಲ ಬೆಲೆಗೆ ರಾಗಿ ಕೊಡೋಕೆ ಹೋದಾಗಲೂ ಅದನ್ನೇ ಕೇಳಿದರು. (ಸರ್ವರ್ ಡೌನ್ ಅಂತ ಕೂರಿಸಿದ್ದೂ ಹೌದು, ಇಲ್ಲ ಅನ್ನಲ್ಲ.) ಇಲಾಖೆಗಳ ನಡುವೆ ಆಗುವ ಕೆಲಸ ನಮ್ಮ ಬಿಲ್ಡಿಂಗಿನ ಮೂರನೇ ಫ್ಲೋರಿಗೂ ಐದನೇ ಫ್ಲೋರಿಗೂ ನಡುವೆ ಆಗಲ್ಲ!

ಎಲ್ಲರೂ ಒಂದನ್ನೇ ನಂಬಿದರೆ ಅದು ಬಿದ್ದ ದಿನ ಎಲ್ಲರೂ ಬೀಳ್ತೀವಲ್ಲ ಅಂತ ಒಬ್ಬರು ಬುದ್ಧಿವಂತರು ಅಂದರು. ಸ್ವಾಮೀ, ಈಗಿರುವ ಅಷ್ಟೂ ಸರ್ವಿಸ್‌ಗಳ ಹಿಂದೆ ಇರೋದು ಒಬ್ಬನೇ ಎಸ್‌ಎಂಎಸ್ ವೆಂಡರ್. ಅವನು ಮಲಗಿದರೆ ಎಲ್ಲರೂ ಒಟ್ಟಿಗೇ ಮಲಗೋದು.

ನಿಜವಾದ ಕಾರಣ ನನಗೆ ಗೊತ್ತು, ನಿಮಗೂ ಗೊತ್ತು. ಅಪ್ರೈಸಲ್‌ನಲ್ಲಿ "ಹೊಸ ಸರ್ವಿಸ್ ಕಟ್ಟಿದೆ" ಅಂದರೆ ಹೈಕ್ ಸಿಗುತ್ತದೆ, "ಪಕ್ಕದವರದ್ದನ್ನೇ ಬಳಸಿದೆ" ಅಂದರೆ ಸುಮ್ನೆ ತಲೆಯಾಡಿಸುತ್ತಾರೆ. ಬಜೆಟ್ಟೂ ಪ್ರಾಜೆಕ್ಟಿಗೊಂದು. ಎಲ್ಲರಿಗೂ ಸೇರಿದ ಸರ್ವಿಸ್‌ಗೆ ದುಡ್ಡು ಯಾರು ಕೊಡಬೇಕು, ರಾತ್ರಿ ಫೋನ್ ಬಂದರೆ ಯಾರು ಎತ್ತಬೇಕು ಅಂತ ಮೊದಲೇ ತೀರ್ಮಾನ ಆಗದಿದ್ದರೆ ಯಾವ ಟೀಮು ತಾನೇ ಮೈಮೇಲೆ ಎಳೆದುಕೊಳ್ಳುತ್ತದೆ?

ಪ್ರಾಜೆಕ್ಟ್ ಅಪ್ರೂವಲ್ ಫಾರ್ಮಿನಲ್ಲಿ "ಇದು ಈಗಾಗಲೇ ಯಾರ ಹತ್ತಿರ ಇದೆ?" ಅಂತ ಒಂದು ಕಾಲಂ ಹಾಕಿ ಎಂದು ಕೇಳಿದೆ. ಆರ್ಕಿಟೆಕ್ಚರ್ ಕಮಿಟಿಗೆ ಬರೆಯಿರಿ ಅಂದರು. ಯಾವ ಕಮಿಟಿಗೆ ಅಂತ ವಿಚಾರಿಸಿದೆ. ಎರಡಿವೆಯಂತೆ.